ಶುಲ್ಕದಾಚೆಯ ಬಾಕಿ

ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಹುಟ್ಟುಹಾಕಿದ ಕೆಎಲ್‌ಇ ಸಂಸ್ಥೆ ಬರೀ ಶುಲ್ಕದ ಹಣದಿಂದ ಬೆಳೆದದ್ದಲ್ಲ; ಅದರ ಕಾಲೇಜುಗಳು ಹೊತ್ತಿರುವ ಲಖಮಗೌಡ, ಭೂಮರಡ್ಡಿ ಎಂಬ ಹೆಸರುಗಳು ದಾನಿಗಳವು. ಇಂದಿನ ಸಣ್ಣ ಅನುದಾನಿತ ಕನ್ನಡ ಶಾಲೆಗಳಿಗೆ ಅಂಥ ದೊಡ್ಡ ದಾನಿಗಳಿಲ್ಲ. ಸರ್ಕಾರ ಕೊಡುವುದು ಮುಖ್ಯವಾಗಿ ಮಂಜೂರಾದ ಹುದ್ದೆಗಳ ಸಂಬಳ. ಸೋರುವ ಮಾಡು, ಪ್ರಯೋಗಾಲಯದ ಸಾಮಗ್ರಿ, ಖಾಲಿ ಹುದ್ದೆಗೆ ಕರೆತಂದ ಮೇಷ್ಟ್ರ ಗೌರವಧನ, ಎಲ್ಲವೂ ಆಡಳಿತ ಮಂಡಳಿಯ ತಲೆಗೇ. ಶುಲ್ಕ ಏರಿಸಿದರೆ ಬಡ ಮಕ್ಕಳು ಮೊದಲು ಶಾಲೆ ಬಿಡುತ್ತಾರೆ. ಹಾಗಾಗಿ ಉಳಿಯುವ ದಾರಿ, ಅಲ್ಲಿ ಓದಿ ನೆಲೆ ಕಂಡವರು ಮತ್ತು ಕೈಲಾಗುವ ಪೋಷಕರು.

ಸೀಟಿಗಾಗಿ ಡೊನೇಷನ್ ತೆತ್ತವರು ಮತ್ತೇಕೆ ಕೊಡಬೇಕು ಎಂಬ ಸಿಡುಕು ನ್ಯಾಯವೇ. ಅಂಥ ವಸೂಲಿಯನ್ನು ರಾಜ್ಯದ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯೇ ತಡೆದಿದೆ. ಕಾಯ್ದೆಯನ್ನು ಗಾಳಿಗೆ ತೂರುವ ಶಾಲೆಗೆ ಬಿಡಿಗಾಸೂ ಬೇಡ. ಸರ್ಕಾರಿ ಶಾಲೆಗೆ ಕೊಡಬಾರದೇ ಎಂದರೆ, ಧಾರಾಳವಾಗಿ ಕೊಡಿ. ಆದರೆ ಅಲ್ಲಿ ಕಟ್ಟಡಕ್ಕೆ, ಸಾಲದಿದ್ದರೂ, ಬಜೆಟ್ ಎಂಬುದೊಂದಿದೆ. ಇನ್ನು ಹಣ ಎಲ್ಲಿ ಹೋಗುತ್ತದೋ ಎಂಬ ಅನುಮಾನಕ್ಕೆ ಮದ್ದು ದಾನಿಯ ಕೈಯಲ್ಲೇ ಇದೆ: ಲೆಕ್ಕಪರಿಶೋಧನೆಯ ವರದಿ ಕೇಳಿ, ಉದ್ದೇಶ ನಮೂದಿಸಿ ಚೆಕ್ ಬರೆಯಿರಿ, ರಸೀದಿ ಪಡೆಯಿರಿ. ಬೆಳ್ಳಿಹಬ್ಬದ ಸ್ಮರಣಿಕೆಗೆ ಬೇಡ, ಈ ವರ್ಷದ ಪ್ರಯೋಗಾಲಯಕ್ಕೆ ಕೊಡಿ.