ಕಿವಿಯ ಅಳತೆ

ಕಾಲಿಗೆ ಹಾಕಿ ನೋಡದೆ ಪಾದರಕ್ಷೆಯನ್ನು ಕೊಳ್ಳುವವರಿಲ್ಲ. ಕೈಗೆ ತೊಡಿಸಿಕೊಳ್ಳದೆ ಬಳೆಯನ್ನು ಕೊಳ್ಳುವ ಗೃಹಿಣಿಯೂ ಇಲ್ಲ. ಆದರೆ ಕಿವಿಯೊಳಗೆ ಇಟ್ಟುಕೊಳ್ಳತಕ್ಕ ಇಯರ್‌ಫೋನೆಂಬ ಉಪಕರಣವನ್ನು ಮಾತ್ರ ನಾವೆಲ್ಲರೂ ಅಳತೆಯ ವಿಚಾರವೇ ಇಲ್ಲದೆ ಮನೆಗೆ ತರುತ್ತೇವೆ. ಹಾಗೆ ಮಾಡಿ ನಾವು ಪಟ್ಟ ಪಾಡನ್ನೂ, ಅದರಿಂದ ಕಲಿತ ಪಾಠವನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಮ್ಮ ಕಿರಿಯ ಮಗನು ತನ್ನ ಮೊದಲ ಸಂಬಳದಲ್ಲಿ ಈ ಉಪಕರಣವೊಂದನ್ನು ನಮಗೆ ತಂದುಕೊಟ್ಟನು. ರಾತ್ರಿ ಮನೆಯವರ ನಿದ್ರೆಗೆ ಭಂಗವಾಗದಂತೆ ವೀಣಾವಾದನವನ್ನು ಕೇಳಬಹುದೆಂಬುದು ನಮ್ಮ ಆಸೆಯಾಗಿತ್ತು. ಕೇಳಿದರೆ ವೀಣೆಯು ಸೊಳ್ಳೆಯ ದನಿಯಂತೆ ಕ್ಷೀಣವಾಗಿ ಕೇಳಿಸಿತು. ಮೃದಂಗದ ಎಡಭಾಗದ ಗಂಭೀರಧ್ವನಿಯಂತೂ ಇಲ್ಲವೇ ಇಲ್ಲ. ಕೇಳಿಸದುದನ್ನು ಕೇಳಿಸಿಕೊಳ್ಳಬೇಕೆಂದು ದಿನೇ ದಿನೇ ಶಬ್ದವನ್ನು ಏರಿಸುತ್ತ ಹೋದೆವು. ಒಂದು ಸಂಜೆ ಗೃಹಿಣಿಯು ಅಡುಗೆಮನೆಯಿಂದ “ಏನೂಂದ್ರೆ” ಎಂದು ಮೂರು ಸಲ ಕರೆದರೂ ನಮಗೆ ತಿಳಿಯಲಿಲ್ಲ. ಆಗ ನಮ್ಮ ಕಿವಿಯಲ್ಲಿ ಆ ಉಪಕರಣವು ಇರಲೇ ಇಲ್ಲವೆಂಬುದು ವಿಷಾದದ ಸಂಗತಿ. ಇದ್ದುದು ಗುಂಯ್‌ಗುಡುವ ನಾದವೊಂದೇ.

ವೈದ್ಯರು ಪರೀಕ್ಷಿಸಿ, ತಾರಸ್ವರಗಳನ್ನು ಗ್ರಹಿಸುವ ಶಕ್ತಿಯು ಕೊಂಚ ಕುಗ್ಗಿದೆಯೆಂದೂ, ಅದರಲ್ಲಿ ವಯಸ್ಸಿನ ಪಾಲೆಷ್ಟು ಶಬ್ದದ ಪಾಲೆಷ್ಟು ಎಂದು ಬೇರ್ಪಡಿಸಲಾಗದೆಂದೂ ಹೇಳಿದರು. ನಮಗಿಂತಲೂ ಮಗನ ಚಿಂತೆಯೇ ನಮ್ಮನ್ನು ಹೆಚ್ಚಾಗಿ ಬಾಧಿಸಿತು. ಅವನೂ ದಿನವೆಲ್ಲ ಹಾಗೆಯೇ ಕೇಳುವವನು. ಆದಕಾರಣ ಮಾರನೆಯ ಭಾನುವಾರ ಅವನನ್ನು ಕರೆದುಕೊಂಡು, ಆ ಉಪಕರಣವನ್ನು ಕೊಂಡಿದ್ದ ಕಮರ್ಷಿಯಲ್ ಸ್ಟ್ರೀಟಿಗೆ ಹೊರಟೆವು. ೧೮೦೯ರಲ್ಲಿ ಸ್ಥಾಪಿತವಾಗಿ ನಮ್ಮ ಹಿರಿಯರಿಂದ ‘ದಂಡು’ ಎಂದು ಕರೆಯಿಸಿಕೊಂಡ ಆ ಪ್ರದೇಶದಲ್ಲಿ ಬಟ್ಟೆಯಂಗಡಿಗಳ ನಡುವೆ ಇಂಥ ವಸ್ತುಗಳ ಮಳಿಗೆಗಳೂ ಉಂಟು.

ಅಂಗಡಿಯಾತನು ನಮ್ಮ ಕಿವಿಗಳನ್ನು ದರ್ಜಿಯು ಭುಜವನ್ನು ನೋಡುವಂತೆ ನೋಡಿ, “ಸಾರ್, ಈ ರಬ್ಬರ್ ನಿಮಗೆ ಸಣ್ಣದಾಯ್ತು. ಡಬ್ಬಿಯಲ್ಲಿ ಇನ್ನೂ ಎರಡು ಜೊತೆ ಇತ್ತಲ್ಲ?” ಎಂದನು. ಇತ್ತು, ಡಬ್ಬಿಯೊಳಗೇ ಇತ್ತು! ರಬ್ಬರೆಂದರೆ ಉಪಕರಣದ ತುದಿಗಿರುವ ಸಿಲಿಕೋನಿನ ಮೆದುವಾದ ಟೊಪ್ಪಿಗೆ. ಅವುಗಳನ್ನು ಬದಲಿಸಿ ನೋಡಲಾಗಿ ಬಲಗಿವಿಗೆ ನಡುವಣದೂ ಎಡಗಿವಿಗೆ ದೊಡ್ಡದೂ ಒಪ್ಪಿದುವು. ಅರುವತ್ತು ವರ್ಷ ಹೊತ್ತು ತಿರುಗಿದ ಎರಡು ಕಿವಿಗಳು ಸಮವಲ್ಲವೆಂಬುದು ನಮಗೆ ಅಂದು ತಿಳಿಯಿತು. ಹೀಗಿರುವುದು ಸಾಮಾನ್ಯವಂತೆ.

ಇದರ ಕಾರಣವನ್ನು ವಿಚಾರಿಸೋಣ. ಕರ್ಣಶಷ್ಕುಲಿಯಿಂದ ಪರಿಚ್ಛಿನ್ನವಾದ ಆಕಾಶವೇ ಶ್ರೋತ್ರೇಂದ್ರಿಯವೆಂದು ನಮ್ಮ ತಾರ್ಕಿಕರು ಹೇಳುತ್ತಾರೆ. ಶಷ್ಕುಲಿಯೆಂಬುದು ಒಂದು ಭಕ್ಷ್ಯದ ಹೆಸರೂ ಹೌದು. ನಮ್ಮ ಚಕ್ಕುಲಿಯು ಅದರ ತದ್ಭವ. ಆಕಾಶದ ವಿಷಯವು ಅಂತಿರಲಿ, ‘ಪರಿಚ್ಛಿನ್ನ’ವೆಂಬ ಮಾತು ಇಲ್ಲಿ ಬಹಳ ಉಪಯುಕ್ತವಾದುದು. ಪ್ರಾಪ್ತವಯಸ್ಕರ ಕರ್ಣನಾಳವು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿದ್ದು ಸ್ವಲ್ಪ ವಕ್ರವಾಗಿರುತ್ತದೆ. ಅದರ ಬಾಯಿ ಮುಚ್ಚಿದ್ದರೆ ಒಳಗಿನ ಗಾಳಿಯು ಮಂದ್ರಸ್ವರಗಳ ಒತ್ತಡವನ್ನು ಕಿವಿಯ ತಮಟೆಗೆ ಮುಟ್ಟಿಸುತ್ತದೆ. ಸಂದು ಉಳಿದರೆ ಆ ಒತ್ತಡವು ಹೊರಕ್ಕೆ ಸೋರಿಹೋಗಿ, ತಾರಸ್ವರಗಳು ಮಾತ್ರ ಉಳಿಯುತ್ತವೆ. ಸಾಲದುದಕ್ಕೆ ಹೊರಗಿನ ಗದ್ದಲವೂ ಒಳನುಗ್ಗುವುದರಿಂದ ಶಬ್ದವನ್ನು ಏರಿಸದೆ ವಿಧಿಯಿಲ್ಲ.

ಧರಿಸುವ ಕ್ರಮವು ಹೀಗೆ: ಒಂದು ಕೈಯನ್ನು ತಲೆಯ ಮೇಲಿನಿಂದ ತಂದು ಆಚೆಯ ಕಿವಿಯನ್ನು ಮೆಲ್ಲನೆ ಮೇಲಕ್ಕೂ ಹಿಂದಕ್ಕೂ ಎಳೆಯಬೇಕು, ಆಗ ನಾಳವು ನೆಟ್ಟಗಾಗುತ್ತದೆ. ಇನ್ನೊಂದು ಕೈಯಿಂದ ಉಪಕರಣವನ್ನು ತುಸು ತಿರುಗಿಸುತ್ತ ಕೂರಿಸಿ ಕಿವಿಯನ್ನು ಬಿಡಬೇಕು. ನಮ್ಮ ದನಿಯೇ ನಮಗೆ ಕೊಡದೊಳಗಿನಿಂದ ಬಂದಂತೆ ಕೇಳಿಸಿದರೆ ಬಾಯಿ ಮುಚ್ಚಿದೆಯೆಂದು ತಿಳಿಯತಕ್ಕದ್ದು. ಬೆರಳಿನಿಂದ ಹಗುರವಾಗಿ ಒತ್ತಿದಾಗ ಮೃದಂಗವು ಮೊದಲಿಗಿಂತ ತುಂಬಿ ಬಂದರೆ ಅಳತೆಯು ಇನ್ನೂ ಸರಿಯಾಗಿಲ್ಲ. ನೋವಾದರೆ ದೊಡ್ಡದಾಯಿತೆಂದರ್ಥ. ಸಿಲಿಕೋನು ಒಗ್ಗದವರಿಗೆ ಫೋಮಿನ ತುದಿಗಳುಂಟು. ಅವುಗಳನ್ನು ಬೆರಳಲ್ಲಿ ಹೊಸೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಹಿಡಿದಿರಬೇಕು. ಸಿಲಿಕೋನಿನ ರಬ್ಬರನ್ನು ಆಗಾಗ ಕಳಚಿ ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ಣವಾಗಿ ಒಣಗಿಸಿಯೇ ಮತ್ತೆ ಹಾಕಬೇಕು. ಕಿವಿಯೊಳಕ್ಕೆ ಕಡ್ಡಿ, ಪಿನ್ನುಗಳನ್ನು ಹಾಕಲಾಗದು.

ಇನ್ನು ಶಬ್ದದ ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ೮೦ ಡೆಸಿಬೆಲ್ ಶಬ್ದವನ್ನು ವಾರಕ್ಕೆ ೪೦ ಗಂಟೆಗಳವರೆಗೆ ಕೇಳಬಹುದು. ೯೦ ಡೆಸಿಬೆಲ್ ಆದರೆ ನಾಲ್ಕೇ ಗಂಟೆ. ಪ್ರತಿ ೩ ಡೆಸಿಬೆಲ್ ಏರಿದಂತೆ ಕಾಲವು ಅರ್ಧಕ್ಕಿಳಿಯುತ್ತದೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಷ್ಟವಾದರೆ ಪುನಃ ಹುಟ್ಟುವುದಿಲ್ಲ. ಗುಂಯ್‌ಗುಡುವಿಕೆಯು ಕಂಡೊಡನೆ ವೈದ್ಯರನ್ನು ನೋಡತಕ್ಕದ್ದು. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದೇ ವಿಷಯಕ್ಕೆ ಮೀಸಲಾದುದು.

ಅಂದು ಅಂಗಡಿಯಲ್ಲಿ ಮಗನಿಗೂ ರಬ್ಬರನ್ನು ಬದಲಿಸಿದರು. ಅವನು ಹಾಡನ್ನು ಹಚ್ಚಿದವನೇ ಬೆಚ್ಚಿ ಶಬ್ದವನ್ನು ತಾನಾಗಿಯೇ ಅರ್ಧಕ್ಕಿಳಿಸಿ, “ಅಪ್ಪ, ಇಷ್ಟು ದಿನ ಹೇಗೆ ಕೇಳ್ತಿದ್ದೆ!” ಎಂದನು. ನಾವು ಹತ್ತು ಸಲ ಗದರಿದರೂ ಆಗದ ಕೆಲಸವನ್ನು ಆ ಪುಟ್ಟ ಟೊಪ್ಪಿಗೆ ಮಾಡಿತು. ಆದರೆ ಕಾಮರಾಜ ರಸ್ತೆಯನ್ನು ದಾಟುವ ಮೊದಲು ಅದನ್ನು ತೆಗೆದು ಜೇಬಿಗಿಡಿಸಿದೆವು. ಸರಿಯಾಗಿ ಮುಚ್ಚಿದ ಕಿವಿಗೆ ಬಸ್ಸಿನ ಹಾರನ್ನೂ ಕೇಳಿಸದಷ್ಟೆ.

ನಮ್ಮ ಕಿವಿಯು ಹಿಂದಿನಂತಾಗಲಿಲ್ಲ. ಗೃಹಿಣಿಯು ಈಗ ಹತ್ತಿರ ಬಂದೇ ಕರೆಯುತ್ತಾರೆ. ವಾಚಕರಾದರೋ ಇಂದೇ ಮನೆಯಲ್ಲಿರುವ ಡಬ್ಬಿಗಳನ್ನು ತೆರೆದು, ಅಲ್ಲಿ ಮರೆತುಬಿಟ್ಟಿರುವ ರಬ್ಬರುಗಳನ್ನು ಮಕ್ಕಳ ಕೈಗೆ ಕೊಡಲೆಂದು ನಮ್ಮ ಪ್ರಾರ್ಥನೆ.