ಪಾಠ ಬಿಸಿಯೂಟದ ಸಾಲಿನಲ್ಲಿದೆ
ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಪಠ್ಯವೇನೋ ಬಂತು, ‘ಮರ ಬೆಳೆಸಿ’ ಎಂದು ಬರೆದರೆ ಅಂಕವೂ ಸಿಗುತ್ತದೆ. ಆದರೆ ಸುಸ್ಥಿರತೆ, ಸಮಾನತೆಗಳನ್ನು ಮಕ್ಕಳು ನಿಜಕ್ಕೂ ಕಲಿಯುವುದು ಬಿಸಿಯೂಟದ ಹೊತ್ತಿನಲ್ಲಿ: ಯಾರ ಪಕ್ಕ ಯಾರು ಕೂರುತ್ತಾರೆ, ತಟ್ಟೆ ತೊಳೆದ ನೀರು ಕೈತೋಟದ ಬಸಳೆಗೆ ಹೋಗುತ್ತದೋ ಚರಂಡಿಗೋ, ಕಸಬರಿಕೆ ಹುಡುಗಿಯರ ಕೈಗೇ ಏಕೆ ಬರುತ್ತದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು ಅದೇ ಕೋರ್ಟ್ 2004ರಲ್ಲಿ ಆದೇಶಿಸಿದ ಮೇಲೂ, ಅವರು ಬೇಯಿಸಿದ್ದನ್ನು ಮಕ್ಕಳು ಉಣ್ಣದಂತೆ ತಡೆದ ಪೋಷಕರಿದ್ದಾರೆ. ಅಲ್ಲಿ ಯಾವ ಪಾಠ ಗೆದ್ದಿತು?

ಊಟದ ಹೊತ್ತನ್ನೇ ಪಾಠವಾಗಿಸೋಣ ಎಂದರೆ, ಶಿಕ್ಷಕರಿಗೆ ಈಗಾಗಲೇ ಹೊರೆ ಹೆಚ್ಚು ಎಂಬ ಆಕ್ಷೇಪ ಬರುತ್ತದೆ; ಅದು ನಿಜ. ಗಣತಿ, ಚುನಾವಣೆ ಕೆಲಸವೂ ಅವರದೇ. ಅದಕ್ಕೇ ಹೊಸ ವಿಷಯ ಬೇಡ. ಉಳಿದ ಅನ್ನ ತೂಗಿ ಲೆಕ್ಕವಿಡುವುದು ಗಣಿತ, ಕೆಲಸದ ಪಾಳಿಯನ್ನು ಮಕ್ಕಳೇ ಚರ್ಚಿಸಿ ಹಂಚಿಕೊಳ್ಳುವುದು ಕನ್ನಡ. ಇಲಾಖೆ ಇನ್ನೊಂದು ಪುಸ್ತಕ ಅಚ್ಚು ಹಾಕಿಸುವ ಮುನ್ನ ಇದಕ್ಕೆ ವಾರಕ್ಕೊಂದು ಅವಧಿ ಬಿಟ್ಟುಕೊಡಲಿ.