ಮುಧೋಳವೋ, ಲ್ಯಾಬ್ರಡಾರೋ?

ಕೂಡ್ಲಿಗಿಯಲ್ಲಾಗಲಿ ಕೊಟ್ಟೂರಿನಲ್ಲಾಗಲಿ, ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದವರ ಗೇಟಿನ ಬಣ್ಣ ಒಣಗುವಷ್ಟರಲ್ಲಿ ಮಕ್ಕಳು ನಾಯಿಯ ಮಾತು ತೆಗೆದಿರುತ್ತಾರೆ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಲ್ಲೂ ಇದೇ ಕಥೆ. ಮಾತು ಶುರುವಾದರೆ ಎರಡು ಹೆಸರು ಬಂದೇ ಬರುತ್ತವೆ. ಮಕ್ಕಳ ಆಯ್ಕೆ ಲ್ಯಾಬ್ರಡಾರ್. 2022ರಲ್ಲಿ ‘777 ಚಾರ್ಲಿ’ ನೋಡಿದ ಮೇಲಂತೂ ಬೇರೆ ನಾಯಿ ಅವರ ಕಣ್ಣಿಗೇ ಬೀಳುವುದಿಲ್ಲ. ಹೊಲ ನೋಡಿಕೊಳ್ಳುವ ದೊಡ್ಡಪ್ಪನ ವಾದವೇ ಬೇರೆ: ತರುವುದೇ ಆದರೆ ನಮ್ಮ ಕಡೆಯ ಮುಧೋಳ ತರ್ರಿ, ಬರೀ ತಿಂದು ಮಲಗೋ ನಾಯಿ ಯಾಕೆ ಬೇಕು?

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ತಂದ ನಾಯಿ ರಾತ್ರಿ ಎಲ್ಲಿ ಮಲಗುತ್ತದೆ, ಹಗಲು ಅದರ ಜೊತೆ ಯಾರಿರುತ್ತಾರೆ ಎಂಬುದನ್ನು ಇಬ್ಬರೂ ಹೇಳಿರುವುದಿಲ್ಲ. ಅರ್ಧ ತೀರ್ಮಾನ ಇರುವುದು ಅಲ್ಲೇ.

ನಮ್ಮ ಭಾಗಕ್ಕೆ ನಾಯಿ ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಹೋದವರಿಗೆ ಗೊತ್ತು, ಕಂಬಳಿ ಹೊದ್ದ ಗೊರವರು ಮೈಲಾರಲಿಂಗನ ನಾಯಿಗಳಾಗಿ ಬೊಗಳುತ್ತಾರೆ, ಭಕ್ತರು ದೋಣಿ ಎಂಬ ಪಾತ್ರೆಗೆ ಹಾಕಿದ ಹಾಲು-ಬಾಳೆಹಣ್ಣಿಗೆ ನೇರ ಬಾಯಿ ಹಾಕುತ್ತಾರೆ. ದೇವರ ಸೇವೆಯಲ್ಲೇ ನಾಯಿಗೆ ಜಾಗ ಕೊಟ್ಟ ನೆಲವಿದು. ಹಾಗಿದ್ದೂ ದಿನನಿತ್ಯದ ಬದುಕಿನಲ್ಲಿ ನಾಯಿ ಇದ್ದದ್ದು ಹೊಸ್ತಿಲಿನ ಆಚೆ: ಕುರಿಹಟ್ಟಿಯ ಅಂಚಿನಲ್ಲಿ, ಕಣದಲ್ಲಿ, ಬಣವೆಯ ನೆರಳಲ್ಲಿ. ಈಗ ಮಕ್ಕಳು ಕೇಳುತ್ತಿರುವುದು ಪಡಸಾಲೆಗೆ ಬರುವ, ಸೋಫಾದ ಪಕ್ಕ ಮಲಗುವ ನಾಯಿಯನ್ನು. ಕಾವಲಿಗೆ ನಾಯಿ ಸಾಕಿದ ಅನುಭವ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಹೆಮ್ಮೆಯ ಮಾತು ಮುಗಿಸಿಬಿಡೋಣ. ಮುಧೋಳ ನಾಯಿಯನ್ನು ಮುಧೋಳದ ಘೋರ್ಪಡೆ ಅರಸರು ಪೋಷಿಸಿದರು. ಮಾಲೋಜಿರಾವ್ ಘೋರ್ಪಡೆಯವರು ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ತಂದಿತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ‘ಮನ್ ಕಿ ಬಾತ್’ನಲ್ಲಿ ಇದರ ಹೆಸರು ಹೇಳಿದರು. ಸಂತೋಷ. ಆದರೆ ದೊರೆಯ ಕಾಣಿಕೆ, ಅಂಚೆಚೀಟಿ, ಸೇನೆ ಇವು ಯಾವುವೂ ಆ ನಾಯಿ ನಿಮ್ಮ ಮೂರು ವರ್ಷದ ಮಗುವಿನ ಜೊತೆ ಹೇಗಿರುತ್ತದೆ ಎಂಬುದನ್ನು ಹೇಳುವುದಿಲ್ಲ. ಸಿನಿಮಾ ನೋಡಿ ಲ್ಯಾಬ್ರಡಾರ್ ತರುವುದು ಎಷ್ಟು ಅವಸರದ ಕೆಲಸವೋ, ಅಭಿಮಾನಕ್ಕೆಂದು ಮುಧೋಳ ತರುವುದೂ ಅಷ್ಟೇ.

ಎರಡರ ಸ್ವಭಾವದ ಬೇರು ಇರುವುದು ಅವು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸದಲ್ಲಿ. ಲ್ಯಾಬ್ರಡಾರ್‌ನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ತಣ್ಣೀರಿಗೆ ಇಳಿಯುತ್ತಿದ್ದವು. ಬ್ರಿಟನ್ನಿಗೆ ಬಂದ ಮೇಲೆ, ಬೇಟೆಗಾರ ಹೊಡೆದುರುಳಿಸಿದ ಹಕ್ಕಿಯನ್ನು ಹಲ್ಲು ನಾಟದಂತೆ ಕಚ್ಚಿ ತಂದು ಕೈಗೊಪ್ಪಿಸುವುದಕ್ಕೆ ಅವನ್ನು ಬೆಳೆಸಿದರು. 1903ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. ಮನುಷ್ಯನ ಪಕ್ಕ ಕೂತು, ಅವನ ಮುಖ ನೋಡುತ್ತಾ, ಹೇಳಿದಾಗ ಮಾತ್ರ ಹೊರಟು, ಸಿಕ್ಕಿದ್ದನ್ನು ತಿನ್ನದೆ ತಂದುಕೊಡುವ ಕೆಲಸವದು. ಆ ಕೆಲಸಕ್ಕೆ ಆರಿಸಿ ಆರಿಸಿ ಬೆಳೆಸಿದ ನಾಯಿ ಜನರನ್ನು ಕಂಡರೆ ಬಾಲ ಅಲ್ಲಾಡಿಸುವುದರಲ್ಲಿ ಆಶ್ಚರ್ಯವೇನಿಲ್ಲ. ಕುರುಡರಿಗೆ ದಾರಿ ತೋರಿಸುವ ನಾಯಿಗಳಲ್ಲಿ, ಬಾಂಬು ಪತ್ತೆ ಮಾಡುವ ಪೊಲೀಸ್ ನಾಯಿಗಳಲ್ಲಿ ಲ್ಯಾಬ್ರಡಾರ್ ಹೆಚ್ಚಾಗಿ ಕಾಣುವುದೂ ಇದೇ ಕಾರಣಕ್ಕೆ.

ಮುಧೋಳದ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಅದು ಮೂಸಿ ಹುಡುಕುವ ನಾಯಿಯಲ್ಲ, ಕಂಡದ್ದರ ಬೆನ್ನು ಹತ್ತುವ ನಾಯಿ. ಬಯಲಲ್ಲಿ ಮೊಲ ಎದ್ದಿತೆಂದರೆ ಇದು ಆಗಲೇ ಓಡಿರುತ್ತದೆ, ಯಜಮಾನ ಎರಡು ಹೊಲದಷ್ಟು ಹಿಂದಿರುತ್ತಾನೆ. ಎಡಕ್ಕೆ ತಿರುಗಲೋ ಬಲಕ್ಕೋ ಎಂದು ಕೇಳಲು ಅಲ್ಲಿ ಯಾರೂ ಇಲ್ಲ, ತೀರ್ಮಾನವೆಲ್ಲ ಅದರದೇ. ಹಾಗಾಗಿ ಮುಧೋಳಕ್ಕೆ ಬುದ್ಧಿ ಕಮ್ಮಿ, ಹೇಳಿದ್ದು ಕೇಳುವುದಿಲ್ಲ ಎನ್ನುವವರ ಮಾತು ಅರ್ಧ ಮಾತ್ರ ನಿಜ. ಬುದ್ಧಿ ಬೇಕಾದಷ್ಟಿದೆ, ನಿಮ್ಮ ಅಪ್ಪಣೆಗೆ ಕಾಯುವ ಗುಣ ಕಮ್ಮಿ. ಗದರಿಸಿ ಹೊಡೆದು ಕಲಿಸಲು ಹೋದರೆ ಮುದುಡುತ್ತದೆ, ಇಲ್ಲವೇ ಹಲ್ಲು ತೋರಿಸುತ್ತದೆ. ಪರರು ಮೈ ಮುಟ್ಟಿದರೆ ಅದಕ್ಕೆ ಸೇರುವುದಿಲ್ಲ. ಮನೆಯವರನ್ನು ಮಾತ್ರ ಹಚ್ಚಿಕೊಳ್ಳುತ್ತದೆ.

ಈಗ ಇದನ್ನು ನಮ್ಮ ಮನೆಗಳಿಗೆ ತಂದು ನೋಡಿ. ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರಿನ ದಿನ ಬೀಗರು, ನೆಂಟರು, ದೂರದಿಂದ ಪಾದಯಾತ್ರೆ ಬಂದ ಪರಿಚಯದವರು ಎಲ್ಲ ಸೇರಿ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಲ್ಯಾಬ್ರಡಾರ್‌ಗೆ ಅದು ಹಬ್ಬ. ಯಾರ ಕೈಯಲ್ಲಿ ತಿನ್ನಲು ಏನಿದೆ ಎಂದು ಒಬ್ಬೊಬ್ಬರನ್ನೇ ವಿಚಾರಿಸಿಕೊಂಡು ಬರುತ್ತದೆ. ಮುಧೋಳಕ್ಕೆ ಅದು ಶಿಕ್ಷೆ. ಅದನ್ನು ಒಳಗಿನ ಕೋಣೆಗೋ ತಾರಸಿಯ ಮೇಲಿನ ರೂಮಿಗೋ ಕಳಿಸಬೇಕು, ನೆಂಟರ ಮಕ್ಕಳಿಗೆ ‘ಮುಟ್ಟಬೇಡ್ರಿ’ ಎಂದು ಹೇಳುತ್ತಲೇ ಇರಬೇಕು. ಅದೇ ರಾತ್ರಿ ಎರಡು ಗಂಟೆಗೆ ಅಪರಿಚಿತನೊಬ್ಬ ಕಾಂಪೌಂಡ್ ಹಾರಿದರೆ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಲ್ಯಾಬ್ರಡಾರ್ ಬೊಗಳುತ್ತದೆ, ಆಮೇಲೆ ಅವನ ಕೈಯನ್ನೂ ನೆಕ್ಕಬಹುದು. ಕಾವಲಿಗೆಂದು ಲ್ಯಾಬ್ರಡಾರ್ ತರುವವರು ದುಡ್ಡು ಹಾಳು ಮಾಡಿಕೊಳ್ಳುತ್ತಾರೆ ಎಂದೇ ನನ್ನ ಅಭಿಪ್ರಾಯ.

ಮಕ್ಕಳ ವಿಷಯದಲ್ಲೂ ಜನ ತಿಳಿದಷ್ಟು ಸರಳವಿಲ್ಲ. ಲ್ಯಾಬ್ರಡಾರ್ ಕಚ್ಚುವುದಿಲ್ಲ ಎಂಬ ಧೈರ್ಯದಲ್ಲಿ ಜನ ಮರೆಯುವುದು ಅದರ ತೂಕವನ್ನು. ಮೂವತ್ತು ಕಿಲೋದ ನಾಯಿ ಖುಷಿಯಿಂದ ಮೈಮೇಲೆ ಹಾರಿದರೆ ಮಗು ಬೀಳುತ್ತದೆ, ಅಂಗಳದಲ್ಲಿ ಕೋಲೂರಿ ನಡೆಯುವ ಅಜ್ಜಿ ಬಿದ್ದರೆ ಸೊಂಟ ಮುರಿಯುತ್ತದೆ. ಮುಧೋಳ ಎತ್ತರದಲ್ಲಿ ಅದಕ್ಕಿಂತ ದೊಡ್ಡದು, ಗಂಡು 68ರಿಂದ 72 ಸೆಂಟಿಮೀಟರ್ ಇರುತ್ತದೆ. ಆದರೆ ತೂಕ ಕಮ್ಮಿ, ಮನೆಯೊಳಗೆ ಗಲಾಟೆಯೂ ಕಮ್ಮಿ. ಓಡಿ ದಣಿದ ಮುಧೋಳ ದಿನದ ಹೆಚ್ಚು ಹೊತ್ತು ಮೂಲೆಯಲ್ಲಿ ಸುರುಳಿಯಾಗಿ ಮಲಗಿರುತ್ತದೆ. ಮರಿಯಾಗಿದ್ದಾಗಿನಿಂದ ಮಕ್ಕಳ ಜೊತೆ ಬೆಳೆದರೆ ಅವರೊಂದಿಗೆ ಚೆನ್ನಾಗಿಯೇ ಇರುತ್ತದೆ. ಮಲಗಿದ್ದಾಗ ಬಾಲ ಎಳೆದರೆ ಮಾತ್ರ ಸಹಿಸುವುದಿಲ್ಲ. ಯಾವ ತಳಿಯಾದರೂ ಸಣ್ಣ ಮಗುವಿನ ಜೊತೆ ಒಂಟಿಯಾಗಿ ಬಿಡಬಾರದು, ಇದರಲ್ಲಿ ವಾದವೇ ಇಲ್ಲ.

ಬಿಸಿಲಿನ ಮಾತಿಗೆ ಬಂದರೆ ದೊಡ್ಡಪ್ಪನ ವಾದಕ್ಕೆ ಬಲ ಬರುತ್ತದೆ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಅದರ ಸಹಜ ಮೈಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ತಣ್ಣೀರಿಗಿಳಿಯಲೆಂದು ಎರಡು ಪದರದ ಕೂದಲು ಪಡೆದ ಲ್ಯಾಬ್ರಡಾರ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಉಳಿಯಲಾರದು. ಅದಕ್ಕೆ ಫ್ಯಾನಿನ ಕೆಳಗೆ ತಣ್ಣನೆಯ ನೆಲ ಬೇಕು, ಅಂದರೆ ಮನೆಯೊಳಗೇ ಜಾಗ ಕೊಡಬೇಕು. ಮುಧೋಳದ ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬಿಲ್ಲ, ಕಾಲು ಉದ್ದ. ದಖ್ಖನಿನ ಬಿಸಿಲಿನಲ್ಲೇ ಬೆಳೆದ ತಳಿ. ಹಾಗೆಂದು ಅದೇನು ಕಲ್ಲಿನ ನಾಯಿಯಲ್ಲ, ಅದಕ್ಕೂ ನೆರಳು-ನೀರು ಬೇಕು. ಕೊಬ್ಬಿಲ್ಲದ ಮೈಗೆ ಡಿಸೆಂಬರ್ ರಾತ್ರಿಯಲ್ಲಿ ಒಂದು ಗೋಣಿಚೀಲವೂ ಬೇಕು.

ಊಟದಲ್ಲೂ ಮುಧೋಳದ ಕಡೆಗೇ ತಕ್ಕಡಿ ವಾಲುತ್ತದೆ, ಸ್ವಲ್ಪ. ಮೊಟ್ಟೆ-ಮಾಂಸ ಒಳಗೆ ತರದ ಮನೆಗಳು ನಮ್ಮಲ್ಲಿ ಬಹಳ. ನಾಯಿ ರೊಟ್ಟಿ-ಹಾಲಿನಲ್ಲಿ ಬದುಕುತ್ತದೆಯೇ ಎಂದು ಅವರು ಕೇಳುತ್ತಾರೆ. ತೋಳಕ್ಕಿಂತ ನಾಯಿಗೆ ಪಿಷ್ಟ ಜೀರ್ಣಿಸಿಕೊಳ್ಳುವ ಶಕ್ತಿ ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ವಂಶವಾಹಿ ನೋಡಿಯೇ ತೋರಿಸಿದರು, ಆದ್ದರಿಂದ ಜೋಳದ ರೊಟ್ಟಿ ತಪ್ಪೇನಲ್ಲ. ಬರೀ ರೊಟ್ಟಿ-ಮಜ್ಜಿಗೆ ಸಾಲದು. ಬೇಯಿಸಿದ ಬೇಳೆ, ಮೊಸರು, ಆಗುವುದಾದರೆ ಹೊರಗಡೆ ಬೇಯಿಸಿದ ಮೊಟ್ಟೆ, ಇಲ್ಲವೇ ಅಂಗಡಿಯ ಕಾಳಿನ ಆಹಾರ ಜೊತೆಗಿರಬೇಕು. ಲ್ಯಾಬ್ರಡಾರ್‌ನ ತೊಂದರೆ ಬೇರೆಯದು: ಅದಕ್ಕೆ ಸಾಕು ಎಂಬುದೇ ಗೊತ್ತಾಗುವುದಿಲ್ಲ. 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಹೊಟ್ಟೆ ತುಂಬಿದ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದಕ್ಕೆ ಸಂಬಂಧಿಸಿದ ಒಂದು ವಂಶವಾಹಿಯಲ್ಲಿ ತುಂಡೊಂದು ಬಿಟ್ಟುಹೋಗಿರುವುದನ್ನು ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಕಂಡರು. ಹಬ್ಬದ ಮನೆಯಲ್ಲಿ ಅಜ್ಜಿ ಒಂದು, ಅತ್ತೆ ಒಂದು, ಮೊಮ್ಮಗ ಎರಡು ಹೋಳಿಗೆ ಹಾಕಿದರೆ ವರ್ಷದೊಳಗೆ ಅದು ಉರುಳಾಡುವಂತಾಗುತ್ತದೆ. ಆ ಭಾರ ಬೀಳುವುದು ಮೊದಲೇ ದುರ್ಬಲವಾದ ಸೊಂಟದ ಕೀಲಿನ ಮೇಲೆ. ಪಾಯಸದ ಒಣದ್ರಾಕ್ಷಿ ಮತ್ತು ಉಳ್ಳಾಗಡ್ಡಿ ಎರಡು ತಳಿಗೂ ವಿಷ, ಇದು ಬಹಳ ಮನೆಗಳಿಗೆ ಗೊತ್ತಿಲ್ಲ.

ಇಷ್ಟು ಓದಿ ಮುಧೋಳವೇ ಸರಿ ಎಂದು ಹೊರಡುವವರು ಒಂದು ನಿಮಿಷ ನಿಲ್ಲಬೇಕು. ನಮ್ಮ ತಾಲ್ಲೂಕುಗಳು ಕುರಿಯ ನಾಡು. ಊರು ದಾಟಿದರೆ ಹಿಂಡು, ಹಿತ್ತಲು ದಾಟಿದರೆ ಕೋಳಿ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ಈ ನಾಯಿಯ ರಕ್ತದಲ್ಲಿದೆ. ಕುರಿಗಾಹಿಯ ಮನೆಯಲ್ಲಿ ಕುರಿಯ ನಡುವೆಯೇ ಬೆಳೆದ ಮುಧೋಳಕ್ಕೆ ಹಿಂಡಿನ ಅಭ್ಯಾಸವಿರುತ್ತದೆ. ಬಡಾವಣೆಯಲ್ಲಿ ಬೆಳೆದದ್ದಕ್ಕೆ ಇರುವುದಿಲ್ಲ. ಮೊದಲ ಸಲ ಹಗ್ಗ ತಪ್ಪಿಸಿಕೊಂಡ ದಿನವೇ ಯಾರದೋ ಮರಿ ಸತ್ತು ಪಂಚಾಯ್ತಿ ಕೂರಬಹುದು. ಮೊಲದ ಬೇಟೆ ಇನ್ನೂ ಕೆಲವರಿಗೆ ಭಾನುವಾರದ ಗಮ್ಮತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ನಾಯಿ ಬಿಟ್ಟು ಹಿಡಿಸಿದರೂ ಅಪರಾಧವೇ. ಕೂಡ್ಲಿಗಿಯ ಗುಡೇಕೋಟೆಯಲ್ಲಿ ಕರಡಿಧಾಮ, ಹಗರಿಬೊಮ್ಮನಹಳ್ಳಿ ಕಡೆ ಅಂಕಸಮುದ್ರದ ಹಕ್ಕಿಗಳ ಕೆರೆ. ಇವುಗಳ ಹತ್ತಿರ ಈ ನಾಯಿಯನ್ನು ಬಿಚ್ಚಿ ಬಿಡುವ ಮಾತೇ ಇಲ್ಲ. ಬಿಚ್ಚದಿದ್ದರೆ ಅದು ಓಡುವುದೆಲ್ಲಿ? ಮುಧೋಳ ಸಾಕುವವರ ನಿಜವಾದ ಕಷ್ಟ ಇದು. ಸುತ್ತ ಬೇಲಿಯಿರುವ ಒಂದಿಷ್ಟು ಖಾಲಿ ಜಾಗ ಬೇಕೇ ಬೇಕು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿದ ಮುಧೋಳ ಮುಂಗೋಪಿಯಾಗುತ್ತದೆ. ಆಮೇಲೆ ತಳಿಯನ್ನೇ ಬೈಯುತ್ತಾರೆ.

ಮರಿ ಕೊಳ್ಳುವಾಗ ಮೋಸ ಎರಡರಲ್ಲೂ ಇದೆ. ಗ್ರೇಹೌಂಡ್ ಬೆರೆತ ಮರಿಗಳು ಮುಧೋಳದ ಹೆಸರಲ್ಲಿ ಮಾರಾಟವಾಗುತ್ತವೆ. ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ; ಅಲ್ಲಿ ವಿಚಾರಿಸಿ ಮುಂದುವರಿಯುವುದು ಲೇಸು. ಲ್ಯಾಬ್ರಡಾರ್ ಆದರೆ ತಾಯಿಯನ್ನು ಕಣ್ಣಾರೆ ನೋಡದೆ ಮರಿ ತರಬೇಡಿ. ತಾಯಿಯ ನಡಿಗೆಯೇ ಸೊಂಟದ ಸ್ಥಿತಿಯನ್ನು ಒಂದಿಷ್ಟು ಹೇಳುತ್ತದೆ. ಉಣ್ಣೆಹುಳದ ಕಾಟ, ಅದರಿಂದ ಬರುವ ಜ್ವರ ದನ-ಕುರಿಯ ನಾಡಿನಲ್ಲಿ ಎರಡಕ್ಕೂ ತಪ್ಪದು, ಗಿಡ್ಡ ಕೂದಲಿನಲ್ಲಿ ಬೇಗ ಕಾಣುತ್ತದೆ ಅಷ್ಟೇ. ಮುಧೋಳಕ್ಕೆ ಶಸ್ತ್ರಚಿಕಿತ್ಸೆ ಮಾಡಿಸುವುದಿದ್ದರೆ ಇದು ಬೇಟೆನಾಯಿ ಎಂದು ವೈದ್ಯರಿಗೆ ಮೊದಲೇ ತಿಳಿಸಿ. ಕೊಬ್ಬಿಲ್ಲದ ಇಂಥ ತಳಿಗಳಲ್ಲಿ ಕೆಲವು ಅರಿವಳಿಕೆಗಳ ಅಮಲು ಬೇಗ ಇಳಿಯುವುದಿಲ್ಲ. (ಕೇಂದ್ರ ಸರ್ಕಾರ 2024ರಲ್ಲಿ ಅಪಾಯಕಾರಿ ಎಂದು ನಿಷೇಧಿಸಲು ಹೊರಟ, ನಮ್ಮ ಹೈಕೋರ್ಟ್ ರದ್ದು ಮಾಡಿದ ನಾಯಿ ತಳಿಗಳ ಪಟ್ಟಿಯಲ್ಲಿ ಈ ಎರಡೂ ಇರಲಿಲ್ಲ. ಆ ಭಯ ಬೇಡ.)

ಹಾಗಾದರೆ ಯಾವುದು? ಊರೊಳಗೆ ಮೂವತ್ತು-ನಲವತ್ತರ ಸೈಟಿನ ಮನೆ, ಸಣ್ಣ ಮಕ್ಕಳು, ದಿನಾ ಬಂದು ಹೋಗುವ ಜನ, ಹಗಲು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ, ನಾಯಿಯನ್ನು ಒಳಗೆ ಬಿಟ್ಟುಕೊಳ್ಳಲು ಹಿರಿಯರ ಅಭ್ಯಂತರವಿಲ್ಲ ಎಂದರೆ ಲ್ಯಾಬ್ರಡಾರ್ ತನ್ನಿ, ತಟ್ಟೆಯ ಅಳತೆ ಒಬ್ಬರ ಕೈಯಲ್ಲಿರಲಿ. ಹರಪನಹಳ್ಳಿಯ ಹೊರಗೋ ಹಡಗಲಿಯ ಹೊಳೆ ಕಡೆಗೋ ಬೇಲಿ ಹಾಕಿದ ತೋಟದ ಮನೆಯಿದ್ದು, ಬೆಳಗ್ಗೆ ಆರಕ್ಕೆ ನಾಯಿಯ ಜೊತೆ ಹೊರಡುವ ಒಬ್ಬ ಗಟ್ಟಿ ಮನುಷ್ಯನಿದ್ದರೆ ಮುಧೋಳ. ಅಂಥ ಮನೆಗೆ ಅದಕ್ಕಿಂತ ಒಳ್ಳೆಯ ನಾಯಿ ನನಗೆ ತೋರದು. ಗಂಡ-ಹೆಂಡತಿ ಇಬ್ಬರೂ ನೌಕರಿಗೆ ಹೋಗಿ, ಬೆಳಗ್ಗೆ ಒಂಬತ್ತಕ್ಕೆ ಹಾಕಿದ ಬೀಗ ಸಂಜೆ ಆರಕ್ಕೆ ತೆಗೆಯುವ ಮನೆಗೆ ಎರಡೂ ಬೇಡ. ಮಕ್ಕಳು ಅತ್ತರೂ ಬೇಡ. ಯಾವುದನ್ನೇ ತಂದರೂ ಮರಿಗೆ ಎರಡು ತಿಂಗಳು ತುಂಬಿರಲಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದಿನದನ್ನು ಪಶು ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ತಾರೀಖಿಗೆ ತಪ್ಪಿಸಬೇಡಿ.